ಇಪ್ಪತ್ತು ಅಂಕದ ಸೋಲು, ಒಂದು ಅಂಕದ ಗೆಲುವು: ವರ್ಜೀನಿಯಾ ತಂಡದ ಲೆಕ್ಕಾಚಾರ

2018ರ ಮಾರ್ಚ್ 16ರ ರಾತ್ರಿ, ಅಮೆರಿಕದ ಶಾರ್ಲೆಟ್ ನಗರದಲ್ಲಿ, ವರ್ಜೀನಿಯಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 54–74ರಲ್ಲಿ ಸೋತಿತು. ಸೋಲಿಸಿದ್ದು ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಅಲ್ಲಿಯವರೆಗೆ ಆ ಹೆಸರನ್ನು ಕೇಳಿದ್ದ ಬ್ಯಾಸ್ಕೆಟ್‌ಬಾಲ್ ಪ್ರೇಮಿಗಳೇ ಕಡಿಮೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಋತು ಮುಗಿಯುವುದು 68 ತಂಡಗಳ ನಾಕೌಟ್ ಟೂರ್ನಿಯಿಂದ. ತಂಡಗಳನ್ನು ನಾಲ್ಕು ವಿಭಾಗ ಮಾಡಿ ಪ್ರತಿ ವಿಭಾಗದಲ್ಲೂ 1ರಿಂದ 16ರ ತನಕ ಶ್ರೇಯಾಂಕ ಕೊಡುತ್ತಾರೆ, ಮೊದಲ ಸುತ್ತಿನಲ್ಲಿ 1ನೆಯವರಿಗೆ 16ನೆಯವರು ಎದುರಾಳಿ. 1985ರಲ್ಲಿ ಈ ಪದ್ಧತಿ ಶುರುವಾದಾಗಿನಿಂದ ಪುರುಷರ ಟೂರ್ನಿಯಲ್ಲಿ ಇಂಥ 135 ಪಂದ್ಯ ನಡೆದಿದ್ದವು, 135ರಲ್ಲೂ 1ನೇ ಶ್ರೇಯಾಂಕದವರೇ ಗೆದ್ದಿದ್ದರು. ವರ್ಜೀನಿಯಾ ಬರೀ 1ನೇ ಶ್ರೇಯಾಂಕದ ತಂಡವೂ ಅಲ್ಲ, ಇಡೀ ಟೂರ್ನಿಗೇ ಮೊದಲನೆಯದು. ಆ ಪಂದ್ಯಕ್ಕೆ ಮುಂಚೆ 31 ಗೆದ್ದು 2 ಮಾತ್ರ ಸೋತಿತ್ತು.

ಮುಂದಿನ ವರ್ಷ ಅದೇ ಕೋಚ್, ಅದೇ ಶೈಲಿ, ಮುಖ್ಯ ಆಟಗಾರರಲ್ಲಿ ಹಲವರು ಅವರೇ. 2019ರ ಏಪ್ರಿಲ್‌ನಲ್ಲಿ ಆ ತಂಡ ರಾಷ್ಟ್ರೀಯ ಚಾಂಪಿಯನ್.

ಟಿವಿಯಲ್ಲಿ ಇದಕ್ಕೆ ಸಿದ್ಧ ಕಥೆ ಇದೆ: ಅವಮಾನ ನುಂಗಿಕೊಂಡರು, ಪಾಠ ಕಲಿತರು, ಎದ್ದು ನಿಂತರು. ಕಥೆ ಚೆನ್ನಾಗಿದೆ, ನನ್ನಂಥ ವರ್ಜೀನಿಯಾ ಅಭಿಮಾನಿಗಳಿಗಂತೂ ಕಣ್ಣು ತುಂಬಿ ಬರುವಷ್ಟು. ಆದರೆ ಸ್ಪ್ರೆಡ್‌ಶೀಟ್ ತೆರೆದು ಕೂರುವ ಅಭಿಮಾನಿಗೆ ಬೇರೆಯೇ ಪ್ರಶ್ನೆ ಕಾಡುತ್ತದೆ. ಆ ಎರಡು ವರ್ಷಗಳಲ್ಲಿ ತಂಡ ನಿಜಕ್ಕೂ ಎಷ್ಟು ಬದಲಾಯಿತು? ಸೋಲಿನಲ್ಲಿ ತಂಡದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು? ಇದನ್ನು ಬಿಡಿಸಲು ಬೇಕಾದ ಗಣಿತ ಹೈಸ್ಕೂಲಿನದೇ. ಯಾವುದನ್ನು ಎಣಿಸಬೇಕು, ಯಾವುದರಿಂದ ಭಾಗಿಸಬೇಕು ಎಂದು ಗೊತ್ತಿದ್ದರೆ ಸಾಕು.

ಪಂದ್ಯಕ್ಕೆ ಇಷ್ಟು ಅಂಕ ಎನ್ನುವ ಮೋಸ

ತಂಡದ ಆಕ್ರಮಣ ಹೇಗಿದೆ ಎಂದು ಕೇಳಿದರೆ ಹೆಚ್ಚಿನವರು ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಎಂದು ನೋಡುತ್ತಾರೆ. 1989–90ರಲ್ಲಿ ಲಾಸ್ ಏಂಜಲೀಸ್‌ನ ಲೊಯೋಲಾ ಮೇರಿಮೌಂಟ್ ತಂಡ ಪಂದ್ಯಕ್ಕೆ 122.4 ಅಂಕ ಗಳಿಸಿತು. ಆ ದಾಖಲೆ ಇನ್ನೂ ಮುರಿದಿಲ್ಲ. ಕೋಚ್ ಪಾಲ್ ವೆಸ್ಟ್‌ಹೆಡ್ ಅವರ ಸೂತ್ರ ಸರಳ: ಚೆಂಡು ಸಿಕ್ಕ ಕೆಲವೇ ಸೆಕೆಂಡುಗಳಲ್ಲಿ ಬುಟ್ಟಿಯತ್ತ ಎಸೆಯಬೇಕು, ಎದುರಾಳಿಯನ್ನೂ ಅದೇ ಓಟಕ್ಕೆ ಎಳೆಯಬೇಕು. 1990ರ ಟೂರ್ನಿಯಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮಿಶಿಗನ್ ತಂಡವನ್ನು ಅವರು 149–115ರಲ್ಲಿ ಮಣಿಸಿದರು. ಆ ಅಂಕಪಟ್ಟಿಯನ್ನು ಎಡದಿಂದ ಓದಿದರೆ ಅದ್ಭುತ ಆಕ್ರಮಣ, ಬಲದಿಂದ ಓದಿದರೆ 115 ಅಂಕ ಬಿಟ್ಟುಕೊಟ್ಟ ರಕ್ಷಣೆ. ಎರಡೂ ಅರ್ಧ ಸತ್ಯ. ಆ ಪಂದ್ಯದಲ್ಲಿ ಎರಡೂ ಕಡೆಯವರಿಗೆ ಚೆಂಡು ಸಿಕ್ಕ ಸಲಗಳೇ ವಿಪರೀತ.

ಕೋಚ್ ಟೋನಿ ಬೆನೆಟ್ ಅವರ ವರ್ಜೀನಿಯಾ ಇದರ ತದ್ವಿರುದ್ಧ. ಕಾಲೇಜು ಆಟದಲ್ಲಿ 2015–16ರಿಂದ ಎಸೆತಕ್ಕೆ 30 ಸೆಕೆಂಡುಗಳ ಗಡುವಿದೆ. ವರ್ಜೀನಿಯಾದವರು ಅದರ ಬಹುಪಾಲನ್ನು ಖರ್ಚು ಮಾಡಿಯೇ ಎಸೆಯುತ್ತಿದ್ದರು. ಎದುರಾಳಿಗೂ ಸುಲಭದ ಎಸೆತ ಬಿಟ್ಟುಕೊಡದೆ ಗಡುವು ಮುಗಿಯುವ ತನಕ ಕಾಯಿಸುತ್ತಿದ್ದರು. ಹೀಗಾಗಿ ಅವರ ಪಂದ್ಯಗಳಲ್ಲಿ ಪ್ರತಿ ತಂಡಕ್ಕೂ ಸಿಗುತ್ತಿದ್ದುದು 60ರ ಆಸುಪಾಸಿನ ಅವಕಾಶಗಳು. ‘ಈ ತಂಡಕ್ಕೆ ಅಂಕ ಗಳಿಸಲು ಬರುವುದಿಲ್ಲ’ ಎಂಬ ಗೊಣಗಾಟ ವರ್ಷಗಟ್ಟಲೆ ಕೇಳಿಬಂತು. 2019ರಲ್ಲಿ ಗೆದ್ದ ತಂಡ, ಪ್ರತಿ ಅವಕಾಶಕ್ಕೆ ಎಷ್ಟು ಅಂಕ ಎಂಬ ಲೆಕ್ಕದಲ್ಲಿ, ದೇಶದ ಅತ್ಯುತ್ತಮ ಆಕ್ರಮಣಗಳಲ್ಲಿ ಒಂದಾಗಿತ್ತು. ಕ್ರಿಕೆಟ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 20 ಓವರಿನ 180ಕ್ಕೂ 50 ಓವರಿನ 280ಕ್ಕೂ ರನ್ ರೇಟ್ ನೋಡದೆ ಹೋಲಿಕೆ ಇಲ್ಲ. ಬ್ಯಾಸ್ಕೆಟ್‌ಬಾಲಿನಲ್ಲಿ ಓವರಿನ ಜಾಗದಲ್ಲಿರುವುದು ಪೊಸೆಷನ್, ಅಂದರೆ ಚೆಂಡು ನಮ್ಮ ಕೈಗೆ ಬಂದು ಮತ್ತೆ ಎದುರಾಳಿಗೆ ಹೋಗುವವರೆಗಿನ ಒಂದು ಸರದಿ.

ತೊಂದರೆ ಇರುವುದು ಒಂದೇ. ಓವರುಗಳನ್ನು ಸ್ಕೋರರ್ ಎಣಿಸುತ್ತಾನೆ, ಪೊಸೆಷನ್‌ಗಳನ್ನು ಬಾಕ್ಸ್ ಸ್ಕೋರ್, ಅಂದರೆ ಪಂದ್ಯದ ಅಂಕಿಅಂಶಗಳ ಪಟ್ಟಿ, ಎಣಿಸುವುದಿಲ್ಲ. ನಾರ್ತ್ ಕ್ಯಾರೊಲಿನಾದ ದಂತಕಥೆ ಡೀನ್ ಸ್ಮಿತ್ 1950ರ ದಶಕದ ಕೊನೆಯಲ್ಲಿ, ಇನ್ನೂ ಸಹಾಯಕ ಕೋಚ್ ಆಗಿದ್ದಾಗಲೇ, ಇದನ್ನು ಲೆಕ್ಕ ಇಡುತ್ತಿದ್ದರು. ಉಳಿದವರು ಬಾಕ್ಸ್ ಸ್ಕೋರಿನಿಂದಲೇ ಹಿಂದಕ್ಕೆ ಲೆಕ್ಕ ಹಾಕಿ ಅಂದಾಜಿಸಬೇಕು.

ದಾರಿ ಹೀಗೆ. ಒಂದು ಸರದಿ ಮುಗಿಯಲು ಮೂರೇ ಮಾರ್ಗ: ಬುಟ್ಟಿಗೆ ಎಸೆಯುವುದು, ಚೆಂಡನ್ನು ಕಳೆದುಕೊಳ್ಳುವುದು ಅಂದರೆ ಟರ್ನೋವರ್, ಇಲ್ಲವೇ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲಿಗೆ ಸಿಗುವ, ಯಾರೂ ಅಡ್ಡ ಬರದ ಒಂದಂಕದ ಎಸೆತ. ಎಸೆದದ್ದು ತಪ್ಪಿ, ಮರಳಿದ ಚೆಂಡನ್ನು ನಾವೇ ಹಿಡಿದರೆ ಸರದಿ ಮುಗಿಯಲಿಲ್ಲ. ಹಾಗಾಗಿ ಆಕ್ರಮಣದ ರೀಬೌಂಡುಗಳನ್ನು ಕಳೆಯಬೇಕು. ಫ್ರೀ ಥ್ರೋ ಸಾಮಾನ್ಯವಾಗಿ ಎರಡೆರಡಾಗಿ ಬರುವುದರಿಂದ ಒಂದನ್ನು ಅರ್ಧ ಸರದಿ ಎಂದು ಎಣಿಸಬಹುದು. ಆದರೆ ಬುಟ್ಟಿಯೂ ಬಿದ್ದು ಜೊತೆಗೊಂದು ಫ್ರೀ ಥ್ರೋ ಸಿಕ್ಕಾಗ ಆ ಸರದಿ ಎಸೆತದ ಲೆಕ್ಕದಲ್ಲಿ ಆಗಲೇ ಸೇರಿಹೋಗಿರುತ್ತದೆ. ಅದಕ್ಕಾಗಿ ಅರ್ಧಕ್ಕಿಂತ ತುಸು ಕಡಿಮೆ ಹಿಡಿಯುತ್ತಾರೆ. ಕಾಲೇಜು ಆಟಕ್ಕೆ ರೂಢಿಯಲ್ಲಿರುವ ಸಂಖ್ಯೆ 0.475, ವೃತ್ತಿಪರ ಎನ್‌ಬಿಎಗೆ 0.44.

ಒಂದು ಕಾಲ್ಪನಿಕ ಪಂದ್ಯವನ್ನು ಹಿಡಿದು ನೋಡೋಣ. ನಮ್ಮ ತಂಡ 55 ಸಲ ಎಸೆದು 25 ಹಾಕಿದೆ, ಅದರಲ್ಲಿ 7 ಮೂರಂಕದವು, ಅಂದರೆ ದೂರದ ಗೆರೆಯ ಆಚೆಯಿಂದ ಹಾಕಿದವು, ಉಳಿದವು ಎರಡಂಕದವು. 18 ಫ್ರೀ ಥ್ರೋಗಳಲ್ಲಿ 13 ಬಿದ್ದಿವೆ. ಆಕ್ರಮಣದ ರೀಬೌಂಡ್ 8, ಟರ್ನೋವರ್ 11. ಒಟ್ಟು ಅಂಕ 70. ಸರದಿಗಳು ಎಷ್ಟು? 55ರಲ್ಲಿ 8 ಕಳೆದು, 11 ಕೂಡಿಸಿ, 18ರ 0.475 ಪಾಲು ಅಂದರೆ 8.55 ಸೇರಿಸಿದರೆ 66.55. 70 ಅಂಕವನ್ನು ಅದರಿಂದ ಭಾಗಿಸಿ ನೂರರಿಂದ ಗುಣಿಸಿದರೆ 105.2. ನೂರು ಸರದಿಗೆ 105 ಅಂಕ. ಇದೇ ಎಫಿಷಿಯೆನ್ಸಿ. ಎದುರಾಳಿಗೂ ಇದೇ ಲೆಕ್ಕ ಹಾಕಿದರೆ ನಮ್ಮ ರಕ್ಷಣೆಯ ಅಂಕಿ ಸಿಗುತ್ತದೆ. ಎರಡು ತಂಡಗಳ ಸರದಿಗಳು ಪಂದ್ಯದ ಕೊನೆಗೆ ಹೆಚ್ಚುಕಡಿಮೆ ಸಮನಾಗಿರಬೇಕು, ಏಕೆಂದರೆ ಚೆಂಡು ಕೈ ಬದಲಾಗುತ್ತಲೇ ಇರುತ್ತದೆ. ತುಂಬ ವ್ಯತ್ಯಾಸ ಬಂದರೆ ಎಲ್ಲೋ ಎಣಿಕೆ ತಪ್ಪಿದೆ ಎಂದು ಅರ್ಥ.

ನಾಲ್ಕು ಅಂಶ, ನಾಲ್ಕು ತೂಕ

105 ಒಳ್ಳೆಯದೋ ಕೆಟ್ಟದ್ದೋ ಎನ್ನುವುದಕ್ಕಿಂತ ಅದು ಎಲ್ಲಿಂದ ಬಂತು ಎನ್ನುವುದು ಅಭಿಮಾನಿಗೆ ಹೆಚ್ಚು ರುಚಿಸುವ ವಿಷಯ. ಇದಕ್ಕೆ ಡೀನ್ ಆಲಿವರ್ ಎಂಬ ವಿಶ್ಲೇಷಕರು ಹಾಕಿಕೊಟ್ಟ ನಾಲ್ಕು ಅಂಶಗಳ ಚೌಕಟ್ಟು ಇಂದಿಗೂ ಚಲಾವಣೆಯಲ್ಲಿದೆ: ಎಸೆತದ ಗುರಿ, ಟರ್ನೋವರ್, ಆಕ್ರಮಣದ ರೀಬೌಂಡ್, ಫ್ರೀ ಥ್ರೋ ಗಿಟ್ಟಿಸುವುದು. ಅವರು ಅಂದಾಜಿಸಿದ ತೂಕ ಕ್ರಮವಾಗಿ 40, 25, 20, 15.

ಮೊದಲನೆಯದರಲ್ಲಿ ಒಂದು ತಿದ್ದುಪಡಿ ಬೇಕು. ಮೂರಂಕದ ಎಸೆತ ಎರಡಂಕದ್ದಕ್ಕಿಂತ ಒಂದೂವರೆ ಪಟ್ಟು ಬೆಲೆಯದ್ದು, ಆದ್ದರಿಂದ ಬಿದ್ದ ಪ್ರತಿ ಮೂರಂಕಕ್ಕೂ ಅರ್ಧ ಹೆಚ್ಚುವರಿ ಬುಟ್ಟಿ ಕೂಡಿಸುತ್ತಾರೆ. ನಮ್ಮ ತಂಡದ್ದು 25ಕ್ಕೆ 3.5 ಸೇರಿ 28.5, ಅದನ್ನು 55ರಿಂದ ಭಾಗಿಸಿದರೆ 51.8 ಪರ್ಸೆಂಟ್. ಸಾದಾ ಲೆಕ್ಕದಲ್ಲಿ ಇದು 45.5 ಎಂದಷ್ಟೇ ಕಾಣುತ್ತಿತ್ತು. ಟರ್ನೋವರ್ 66.55 ಸರದಿಗೆ 11, ಅಂದರೆ 16.5 ಪರ್ಸೆಂಟ್. ಒಂದು ಸರದಿಯ ಸರಾಸರಿ ಬೆಲೆ ಸುಮಾರು ಒಂದು ಅಂಕ ಎಂದು ನೆನಪಿಟ್ಟುಕೊಂಡರೆ, ಐದು ಟರ್ನೋವರ್ ಹೆಚ್ಚಾದರೆ ಐದು ಅಂಕ ಕೈಬಿಟ್ಟಂತೆ. ಅದೂ ಎದುರಾಳಿ ಆ ಚೆಂಡನ್ನು ಕಸಿದುಕೊಂಡು ಓಡಿ ಹಾಕುವ ಸುಲಭದ ಬುಟ್ಟಿಗಳನ್ನು ಬಿಟ್ಟು.

ರೀಬೌಂಡಿನಲ್ಲಿ ಎಡವುವವರು ಬಹಳ. ‘ರೀಬೌಂಡ್ ನಮ್ಮದು 38, ಅವರದು 29, ನಾವೇ ಗಟ್ಟಿ’ ಎನ್ನುತ್ತಾರೆ. ಎದುರಾಳಿ ಕೆಟ್ಟದಾಗಿ ಎಸೆದರೆ ನಮ್ಮ ಬುಟ್ಟಿಯಡಿ ಹಿಡಿಯಲು ಚೆಂಡುಗಳೇ ಹೆಚ್ಚು ಬೀಳುತ್ತವೆ, ಅದು ಗಟ್ಟಿತನದ ಪುರಾವೆಯೇನಲ್ಲ. ಕೇಳಬೇಕಾದದ್ದು, ನಮ್ಮ ತಪ್ಪಿದ ಎಸೆತಗಳಲ್ಲಿ ಎಷ್ಟು ಪಾಲು ನಮ್ಮ ಕೈಗೇ ಮರಳಿತು ಎಂದು. ನಮ್ಮ ಆಕ್ರಮಣದ ರೀಬೌಂಡ್ 8, ಅದೇ ಬುಟ್ಟಿಯಡಿ ಎದುರಾಳಿ ಹಿಡಿದದ್ದು 24 ಎಂದಿಟ್ಟುಕೊಂಡರೆ, 32ರಲ್ಲಿ 8, ಅಂದರೆ 25 ಪರ್ಸೆಂಟ್.

ಇಲ್ಲೇ ವರ್ಜೀನಿಯಾದ ಗುಣ ಬಯಲಾಗುವುದು. ಈ ಅಂಶದಲ್ಲಿ ಅವರು ಬೇಕೆಂದೇ ಹಿಂದುಳಿಯುತ್ತಿದ್ದರು. ಎಸೆತ ಕೈಬಿಟ್ಟ ಕೂಡಲೇ ಹೆಚ್ಚಿನ ಆಟಗಾರರು ರೀಬೌಂಡಿಗೆ ನುಗ್ಗದೆ ಹಿಂದಕ್ಕೆ ಓಡುತ್ತಿದ್ದರು. ಎದುರಾಳಿಗೆ ಓಡಿ ಹಾಕುವ ಅವಕಾಶ ಕೊಡಬಾರದು ಎನ್ನುವುದೇ ಗುರಿ. ಎದುರಾಳಿ ಅಂಗಳ ದಾಟುವಷ್ಟರಲ್ಲಿ ಐವರೂ ತಮ್ಮ ಜಾಗದಲ್ಲಿ. ಅವರ ರಕ್ಷಣೆಯ ಹೆಸರು ಪ್ಯಾಕ್ ಲೈನ್. ಟೋನಿಯ ತಂದೆ ಡಿಕ್ ಬೆನೆಟ್ ವಿಸ್ಕಾನ್ಸಿನ್‌ನಲ್ಲಿ ಕೋಚ್ ಆಗಿದ್ದಾಗ ರೂಪಿಸಿದ್ದು. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ ಒಂದು ಅದೃಶ್ಯ ಗೆರೆ ಇದೆ ಎಂದುಕೊಳ್ಳಿ. ಚೆಂಡು ಹಿಡಿದವನ ಮೇಲೆ ಒಬ್ಬ ಒತ್ತಿ ನಿಲ್ಲುತ್ತಾನೆ, ಮಿಕ್ಕ ನಾಲ್ವರೂ ಆ ಗೆರೆಯ ಒಳಗೆ. ಒಳನುಗ್ಗಲು ಸಂದಿಯೇ ಇರುವುದಿಲ್ಲ. ಎದುರಾಳಿಗೆ ಉಳಿಯುವುದು ಹೊರಗಿನಿಂದ, ಗಡುವಿನ ಕೊನೆಯಲ್ಲಿ, ಅವಸರದ ಎಸೆತ. ಅಂಕಿಗಳಲ್ಲಿ ಹೇಳುವುದಾದರೆ, ಕಡಿಮೆ ತೂಕದ ಅಂಶ ಒಂದನ್ನು ಬಿಟ್ಟುಕೊಟ್ಟು 40 ತೂಕದ ಅಂಶವನ್ನು ಎದುರಾಳಿಯಿಂದ ಕಿತ್ತುಕೊಳ್ಳುವ ವ್ಯಾಪಾರ. ಎಂಥ ವ್ಯಾಪಾರಿಯೂ ಒಪ್ಪುವಂಥದ್ದೇ, ಆದರೆ ಅದಕ್ಕೊಂದು ಅಪಾಯವೂ ಅಂಟಿಕೊಂಡಿದೆ. ಅದು ಮುಂದೆ.

ಎದುರಾಳಿ ಯಾರು ಎನ್ನುವ ಪ್ರಶ್ನೆ

ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೇಲಿನ ದರ್ಜೆಯಲ್ಲಿ 350ಕ್ಕೂ ಹೆಚ್ಚು ತಂಡಗಳಿವೆ. ಒಂದು ತಂಡ ಇಡೀ ಋತುವಿನಲ್ಲಿ ಆಡುವುದು ಮೂವತ್ತು ಚಿಲ್ಲರೆ ಪಂದ್ಯ. ಹೆಚ್ಚಿನ ತಂಡಗಳು ಒಂದರ ಮುಖ ಒಂದು ನೋಡುವುದೇ ಇಲ್ಲ. ದುರ್ಬಲ ತಂಡಗಳನ್ನೇ ಕರೆಸಿ ಚಚ್ಚಿದವರ 112ಕ್ಕೂ, ಬಲಾಢ್ಯರ ಗುಂಪಿನಲ್ಲಿ ಒದ್ದಾಡಿ ಗಳಿಸಿದ 106ಕ್ಕೂ ಯಾವುದು ಮೇಲು?

ಕೆನ್ ಪೊಮೆರಾಯ್ ಈ ಪ್ರಶ್ನೆಗೆ ಕೊಟ್ಟ ಉತ್ತರ ಇವತ್ತು ಕೋಚ್‌ಗಳ ಕೋಣೆಯಲ್ಲೂ ಮಾತಾಗಿದೆ. ಅವರು ಮೂಲತಃ ಹವಾಮಾನ ತಜ್ಞರು. ಅವರ ಜಾಲತಾಣ ಕೆನ್‌ಪಾಮ್‌ನ ಅಂಕಿಗಳನ್ನು ಉಲ್ಲೇಖಿಸದೆ ಈಗ ಯಾವ ಚರ್ಚೆಯೂ ಮುಗಿಯುವುದಿಲ್ಲ. ಮೂಲ ಉಪಾಯ ಇಷ್ಟು: ನಮ್ಮ ತಂಡ ನೂರು ಸರದಿಗೆ 112 ಗಳಿಸಿದೆ, ಆದರೆ ನಾವು ಎದುರಿಸಿದ ತಂಡಗಳು ಸರಾಸರಿಯಲ್ಲಿ 108 ಬಿಟ್ಟುಕೊಡುವಂಥವು, ರಾಷ್ಟ್ರದ ಸರಾಸರಿ 104 ಎಂದುಕೊಳ್ಳೋಣ. ಹಾಗಿದ್ದರೆ 112ನ್ನು 104ರಿಂದ ಗುಣಿಸಿ 108ರಿಂದ ಭಾಗಿಸಿದರೆ ಬರುವ 107.9 ನಮ್ಮ ನಿಜವಾದ ಯೋಗ್ಯತೆಗೆ ಹತ್ತಿರ.

ತಕ್ಷಣ ಹೊಳೆಯುವ ಆಕ್ಷೇಪ ಒಂದಿದೆ: ಎದುರಾಳಿಯ 108 ಕೂಡ ಅವರ ಎದುರಾಳಿಗಳ ಮೇಲೆ ನಿಂತದ್ದಲ್ಲವೇ? ಹೌದು. ನಮ್ಮದು ಅವರ ಮೇಲೆ, ಅವರದು ಇನ್ನೊಬ್ಬರ ಮೇಲೆ, ಆ ಇನ್ನೊಬ್ಬರದು ಸುತ್ತಿ ಬಂದು ನಮ್ಮ ಮೇಲೇ. ಬಿಡಿಸುವ ದಾರಿ ಮಾತ್ರ ತಾಳ್ಮೆಯದು. ಮೊದಲು ಎಲ್ಲ ತಂಡಗಳನ್ನೂ ಸಮಾನ ಎಂದು ಭಾವಿಸಿ ಒಮ್ಮೆ ಲೆಕ್ಕ ಹಾಕುವುದು. ಬಂದ ಹೊಸ ಅಂಕಿಗಳನ್ನು ಎದುರಾಳಿಗಳ ಬಲವೆಂದು ಹಿಡಿದು ಮತ್ತೊಮ್ಮೆ, ಮಗದೊಮ್ಮೆ. ಕೆಲವು ಸುತ್ತುಗಳಾದ ಮೇಲೆ ಅಂಕಿಗಳು ಕದಲುವುದು ನಿಲ್ಲುತ್ತದೆ. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಇದಕ್ಕೆ ತವರಿನ ಅನುಕೂಲವನ್ನೂ ಸೇರಿಸಬೇಕು. ಕಾಲೇಜು ಆಟದಲ್ಲಿ ಅದು ಸುಮಾರು ಮೂರು ಅಂಕ. ಟೂರ್ನಿಗೆ ತಂಡಗಳನ್ನು ಆರಿಸುವ ಸಮಿತಿ ಇದನ್ನೆಲ್ಲ ಒಪ್ಪಿಕೊಳ್ಳಲು ದಶಕಗಳನ್ನೇ ತೆಗೆದುಕೊಂಡಿತು. 1981ರಿಂದ ಅವರು ನೆಚ್ಚಿದ್ದ ಆರ್‌ಪಿಐ ಎಂಬ ಅಳತೆಯಲ್ಲಿ ತಂಡದ ಸ್ವಂತ ಗೆಲುವಿಗೆ ಕಾಲು ಪಾಲು, ಎದುರಾಳಿಗಳ ಗೆಲುವಿಗೆ ಅರ್ಧ, ಎದುರಾಳಿಗಳ ಎದುರಾಳಿಗಳ ಗೆಲುವಿಗೆ ಕಾಲು ಪಾಲು ತೂಕ. ಎಷ್ಟು ಅಂತರದಲ್ಲಿ ಗೆದ್ದರು ಎನ್ನುವುದಕ್ಕೆ ಜಾಗವೇ ಇರಲಿಲ್ಲ. ನಾವು ಯಾರನ್ನು ಹೇಗೆ ಸೋಲಿಸಿದೆವು ಎನ್ನುವುದಕ್ಕಿಂತ ಯಾರ ಜೊತೆ ವೇಳಾಪಟ್ಟಿ ಹಾಕಿಕೊಂಡೆವು ಎನ್ನುವುದಕ್ಕೆ ಮುಕ್ಕಾಲು ಬೆಲೆ. ಜಾಣ ತಂಡಗಳು ಅದಕ್ಕೆ ತಕ್ಕಂತೆಯೇ ವೇಳಾಪಟ್ಟಿ ಹೊಂದಿಸಿಕೊಳ್ಳುತ್ತಿದ್ದವು. 2018–19ರಿಂದ ನೆಟ್ ಎಂಬ ಹೊಸ ಅಳತೆ ಬಂತು, ಅದರೊಳಗೆ ಎಫಿಷಿಯೆನ್ಸಿಗೂ ಸ್ಥಾನವಿದೆ. ಈಗ ತವರಿನಲ್ಲಿ ಮೊದಲ 30 ರ‍್ಯಾಂಕಿನೊಳಗಿನ ತಂಡ, ತಟಸ್ಥ ಅಂಗಳದಲ್ಲಿ ಮೊದಲ 50, ಎದುರಾಳಿಯ ಅಂಗಳದಲ್ಲಿ ಮೊದಲ 75ರೊಳಗಿನ ತಂಡ, ಈ ಮೂರೂ ಒಂದೇ ದರ್ಜೆಯ ಪಂದ್ಯಗಳು. ಪರರ ಅಂಗಳದಲ್ಲಿ ಆಡುವುದು ಎಷ್ಟು ಕಷ್ಟ ಎನ್ನುವುದಕ್ಕೆ ಸಮಿತಿಯೇ ಕೊಟ್ಟ ಬೆಲೆಪಟ್ಟಿ ಇದು.

ಮೂರಂಕದ ಗೆರೆಯ ಆಚೆಯ ಅದೃಷ್ಟ

ಈಗ ಆ ರಾತ್ರಿಗೆ ಬರೋಣ. ಅರ್ಧ ವಿರಾಮಕ್ಕೆ 21–21 ಸಮ. ಎರಡನೇ ಅರ್ಧದಲ್ಲಿ ಯುಎಂಬಿಸಿ 53 ಅಂಕ ಹೊಡೆಯಿತು. ಆ ಋತುವಿನಲ್ಲಿ ಇಡೀ ಪಂದ್ಯಕ್ಕೇ ಅಷ್ಟು ಗಳಿಸಲು ವರ್ಜೀನಿಯಾದ ಎದುರಾಳಿಗಳು ಹೆಣಗಿದ್ದರು. ಪಂದ್ಯದ ಮೂರಂಕದ ಲೆಕ್ಕ ಹೀಗಿತ್ತು: ಯುಎಂಬಿಸಿ 24ಕ್ಕೆ 12, ವರ್ಜೀನಿಯಾ 22ಕ್ಕೆ 4. ಅಂದರೆ ಆ ಗೆರೆಯಾಚೆಯಿಂದಲೇ 36 ಅಂಕ ಒಂದು ಕಡೆಗೆ, 12 ಇನ್ನೊಂದು ಕಡೆಗೆ. ವ್ಯತ್ಯಾಸ 24. ಸೋತದ್ದು 20ರಿಂದ. ಮಿಕ್ಕ ಎಲ್ಲ ಅಂಕಗಳನ್ನು ಕೂಡಿದರೆ ವರ್ಜೀನಿಯಾವೇ ನಾಲ್ಕು ಮುಂದೆ.

ಕಾಲೇಜು ತಂಡಗಳು ಸಾಮಾನ್ಯವಾಗಿ 35 ಪರ್ಸೆಂಟ್ ಆಸುಪಾಸು ಮೂರಂಕ ಹೊಡೆಯುತ್ತವೆ. ಎರಡೂ ತಂಡಕ್ಕೆ ಅದೇ ಮಟ್ಟ ಎಂದುಕೊಂಡು, ಪ್ರತಿ ಎಸೆತವನ್ನೂ ಸ್ವತಂತ್ರ ಎಂದು ಭಾವಿಸಿ ಲೆಕ್ಕ ಹಾಕಿದೆ. 22ರಲ್ಲಿ ನಾಲ್ಕು ಅಥವಾ ಅದಕ್ಕೂ ಕಡಿಮೆ ಬೀಳುವ ಸಾಧ್ಯತೆ ಸುಮಾರು 7 ಪರ್ಸೆಂಟ್. 24ರಲ್ಲಿ ಹನ್ನೆರಡು ಅಥವಾ ಹೆಚ್ಚು ಬೀಳುವ ಸಾಧ್ಯತೆ ಸುಮಾರು 9 ಪರ್ಸೆಂಟ್. ಒಂದೊಂದೂ ಅಪರೂಪವಲ್ಲ, ಪ್ರತಿ ತಂಡಕ್ಕೂ ವರ್ಷಕ್ಕೆರಡು ಸಲ ಆಗುವಂಥದ್ದು. ಎರಡೂ ಒಂದೇ ರಾತ್ರಿ, ಒಂದೇ ದಿಕ್ಕಿನಲ್ಲಿ ಆಗುವುದು ನೂರೈವತ್ತರಲ್ಲಿ ಒಂದು ಸಲ. 135 ಸಲ ಆಗದ್ದು 136ನೇ ಸಲ ಆಯಿತು ಎನ್ನುವುದರ ಪಕ್ಕ ಈ ಸಂಖ್ಯೆ ಇಟ್ಟಾಗ ರೋಮಾಂಚನವಾಗುವುದು ನಿಜ, ಆದರೆ ಎರಡೂ ಹೊಂದಿದ್ದು ಕಾಕತಾಳೀಯ. ಹೀಗೆ ಅಂಕಿಗಳು ಚೆಂದವಾಗಿ ಜೋಡಿಯಾದಾಗಲೇ ಲೆಕ್ಕಿಗ ಹೆಚ್ಚು ಹುಷಾರಾಗಿರಬೇಕು.

ಏಕೆಂದರೆ ಎಸೆತಗಳು ನಿಜಕ್ಕೂ ದಾಳ ಉರುಳಿಸಿದಂತಲ್ಲ. ಹಿಂದೆ ಬಿದ್ದ ತಂಡ ಗಾಬರಿಯಲ್ಲಿ ಕೆಟ್ಟ ಎಸೆತಗಳನ್ನು ಆರಿಸುತ್ತದೆ. ಯುಎಂಬಿಸಿಯ ಜೈರಸ್ ಲೈಲ್ಸ್ 28 ಅಂಕ ಹೊಡೆದದ್ದು ಬರೀ ಅದೃಷ್ಟವಲ್ಲ, ರಕ್ಷಕರನ್ನು ಒಬ್ಬೊಬ್ಬರನ್ನಾಗಿ ದಾಟಿ ಒಳನುಗ್ಗಿದ್ದರಿಂದಲೂ ಹೌದು. ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಿದ್ದ. ಉದ್ದ ಕೈಗಳ, ಯಾರ ಮೇಲೂ ನಿಲ್ಲಬಲ್ಲ ರಕ್ಷಕ ಅವನೊಬ್ಬನೇ. ಅವನಿಲ್ಲದ ತಂಡದ ಅಂಕಿ ಬೇರೆಯೇ ಇರಬೇಕಿತ್ತು, ಆದರೆ ಇಡೀ ಋತುವಿನ ಸರಾಸರಿ ಅವನಿದ್ದ ತಂಡದ್ದು.

ಮೂರಂಕದ ವಿಷಯದಲ್ಲಿ ಪೊಮೆರಾಯ್ ಎತ್ತಿ ಹಿಡಿದ ಒಂದು ಮಾತು ಹಲವು ಕೋಚ್‌ಗಳನ್ನು ಕೆರಳಿಸಿದೆ: ಎದುರಾಳಿ ಎಷ್ಟು ಪರ್ಸೆಂಟ್ ಮೂರಂಕ ಹೊಡೆಯುತ್ತಾನೆ ಎನ್ನುವುದರ ಮೇಲೆ ರಕ್ಷಣೆಗೆ ಹಿಡಿತ ಬಹಳ ಕಡಿಮೆ, ಎಷ್ಟು ಸಲ ಎಸೆಯುತ್ತಾನೆ ಎನ್ನುವುದರ ಮೇಲೆ ಹೆಚ್ಚು. ಮೊದಲು ಕೇಳಿದಾಗ ಇದು ತಲೆಹರಟೆ ಅನ್ನಿಸುತ್ತದೆ. ಫ್ರೀ ಥ್ರೋ ಉದಾಹರಣೆ ತೆಗೆದುಕೊಂಡರೆ ಸುಲಭ. ಎದುರಾಳಿಗಳು ನಮ್ಮ ಮೇಲೆ 66 ಪರ್ಸೆಂಟ್ ಫ್ರೀ ಥ್ರೋ ಹೊಡೆದರು, ಪಕ್ಕದ ತಂಡದ ಮೇಲೆ 74 ಹೊಡೆದರು ಎಂದರೆ, ನಮ್ಮ ಫ್ರೀ ಥ್ರೋ ರಕ್ಷಣೆ ಬಲು ಗಟ್ಟಿ ಎಂದು ಯಾರೂ ಹೇಳುವುದಿಲ್ಲ, ಅಡ್ಡ ಬರಲು ನಮಗೆ ಅನುಮತಿಯೇ ಇಲ್ಲ. ಮೂರಂಕದ ಎಸೆತ ಇದಕ್ಕೂ ಒಳಗಿನ ಎಸೆತಕ್ಕೂ ನಡುವೆ ಎಲ್ಲೋ ಇದೆ, ನಾವು ಅಂದುಕೊಂಡಿದ್ದಕ್ಕಿಂತ ಫ್ರೀ ಥ್ರೋಗೇ ಹತ್ತಿರ. ಚೆನ್ನಾಗಿ ಎಸೆಯುವವನು ಕೈ ಅಡ್ಡ ಬಂದರೆ ಎಸೆಯುವುದೇ ಇಲ್ಲ, ಎಸೆದಾಗ ಅವನಿಗೆ ಜಾಗ ಸಿಕ್ಕಿಯೇ ಇರುತ್ತದೆ.

ಗಣಿತವೂ ಇದನ್ನೇ ಹೇಳುತ್ತದೆ. ಪಂದ್ಯಕ್ಕೆ 20ರಂತೆ 31 ಪಂದ್ಯಗಳಲ್ಲಿ ಎದುರಾಳಿಗಳು 620 ಮೂರಂಕ ಎಸೆದರು ಎನ್ನಿ. ನಿಜವಾದ ಮಟ್ಟ 34 ಪರ್ಸೆಂಟ್ ಆಗಿದ್ದರೂ ಬರೀ ಆಕಸ್ಮಿಕದಿಂದಲೇ ಋತುವಿನ ಕೊನೆಗೆ ಅದು 30ರಿಂದ 38ರವರೆಗೆ ಎಲ್ಲಿ ಬೇಕಾದರೂ ಕಾಣಬಹುದು. 4 ಪರ್ಸೆಂಟ್ ಎಂದರೆ ಪಂದ್ಯಕ್ಕೆ ಸುಮಾರು ಎರಡೂವರೆ ಅಂಕ. ಕಾಲೇಜು ಆಟದಲ್ಲಿ ಅಷ್ಟು ಅಂಕ ಒಂದು ತಂಡವನ್ನು ಟೂರ್ನಿಯ ಒಳಗೆ ಅಥವಾ ಹೊರಗೆ ನಿಲ್ಲಿಸಲು ಸಾಕು. ಜನವರಿಯಲ್ಲಿ ‘ರಕ್ಷಣೆ ಕುಸಿದಿದೆ’ ಎಂದು ಅಭಿಮಾನಿಗಳು ಎದೆ ಬಡಿದುಕೊಂಡಾಗ ನಾನು ಮೊದಲು ನೋಡುವ ಅಂಕಿ ಇದು. ಎದುರಾಳಿಗಳ ಮೂರಂಕ 40 ಮುಟ್ಟಿದ್ದರೆ, ಆದರೆ ಎರಡಂಕದ ಎಸೆತ, ಟರ್ನೋವರ್, ರೀಬೌಂಡ್ ಎಂದಿನಂತೆಯೇ ಇದ್ದರೆ, ಕೋಚ್ ಅನ್ನು ಓಡಿಸುವ ಮಾತು ಇನ್ನೊಂದು ತಿಂಗಳು ತಡೆಯಬಹುದು.

ನಿಧಾನವೇ ಮುಳುವಾಯಿತೇ?

ಆ ಸೋಲಿನ ನಂತರ ಬೆನೆಟ್ ಮೇಲೆ ಹೇರಿದ ದೊಡ್ಡ ಆರೋಪ ಇದು. ಸರದಿಗಳು ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚುತ್ತದೆ, ಬಲಿಷ್ಠ ತಂಡ ನಿಧಾನವಾಗಿ ಆಡುವುದು ಎಂದರೆ ದುರ್ಬಲನಿಗೆ ಬಾಗಿಲು ತೆರೆದಿಟ್ಟಂತೆ. ವಾದದ ಬುಡ ಸರಿಯಾಗಿದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ತಲೆ ಬರುವುದು ಮಾಮೂಲು, ನೂರು ಸಲ ಚಿಮ್ಮಿ ಎಪ್ಪತ್ತು ಬರುವುದು ನಂಬಲಾಗದ ಮಾತು.

ಎಷ್ಟು ವ್ಯತ್ಯಾಸ ಎನ್ನುವುದನ್ನು ಮಾತ್ರ ಆರೋಪಿಸುವವರು ಲೆಕ್ಕ ಹಾಕುವುದಿಲ್ಲ. ನೂರು ಸರದಿಗೆ 20 ಅಂಕ ಮೇಲಿರುವ ತಂಡ ಇದೆ ಎನ್ನಿ. 75 ಸರದಿಗಳ ವೇಗದ ಪಂದ್ಯದಲ್ಲಿ ಅದು 15 ಅಂಕದಿಂದ ಗೆಲ್ಲಬೇಕು, 60 ಸರದಿಗಳ ನಿಧಾನದ ಪಂದ್ಯದಲ್ಲಿ 12ರಿಂದ. ಕಾಲೇಜು ಪಂದ್ಯದ ಅಂತರ ನಿರೀಕ್ಷೆಯಿಂದ ಆಚೀಚೆ ತೂಗಾಡುವುದು ಸುಮಾರು 11 ಅಂಕ. ಸರದಿಗಳು ಕಡಿಮೆಯಾದಾಗ ಈ ತೂಗಾಟವೂ ತುಸು ಕುಗ್ಗುತ್ತದೆ, ಆದರೆ ನಿರೀಕ್ಷಿತ ಅಂತರದಷ್ಟು ವೇಗವಾಗಿ ಅಲ್ಲ. ಎರಡನ್ನೂ ಸೇರಿಸಿ ನೋಡಿದರೆ ವೇಗದ ಪಂದ್ಯದಲ್ಲಿ ಗೆಲುವಿನ ಸಾಧ್ಯತೆ ಸುಮಾರು 90 ಪರ್ಸೆಂಟ್, ನಿಧಾನದಲ್ಲಿ 88. ಎರಡು ಪರ್ಸೆಂಟ್ ವ್ಯತ್ಯಾಸ. ನಿಧಾನಕ್ಕೆ ಬೆಲೆ ತೆತ್ತದ್ದು ಹೌದು, ಆದರೆ ತಂಡವನ್ನು ಮುಳುಗಿಸುವಷ್ಟು ದುಬಾರಿಯಲ್ಲ. ಆ ಶೈಲಿಯಿಂದಲೇ ರಕ್ಷಣೆ ಅಷ್ಟು ಬಿಗಿಯಾಗಿದ್ದರೆ ಆ ಎರಡು ಪರ್ಸೆಂಟ್ ಕೊಟ್ಟು ಕೊಂಡದ್ದು ಲಾಭದ ಸರಕೇ. ನಿಜವಾದ ಅಪಾಯ ನನಗೆ ಕಾಣುವುದು ಪ್ಯಾಕ್ ಲೈನ್‌ನಲ್ಲಿ: ಒಳಗಿನದನ್ನು ಮುಚ್ಚಿ ಹೊರಗಿನದನ್ನು ಬಿಟ್ಟರೆ ಎದುರಾಳಿಯ ಆಟ ಮೂರಂಕದ ಮೇಲೆ ನಿಲ್ಲುತ್ತದೆ, ಅದು ಒಂದೇ ರಾತ್ರಿಯಲ್ಲಿ ಅತಿ ಹೆಚ್ಚು ಏರುಪೇರಾಗುವ ಎಸೆತ.

ಚಾಂಪಿಯನ್ನರ ಲೆಕ್ಕ

2018–19ರಲ್ಲಿ ಹಂಟರ್ ಮರಳಿದ, ಕೈಲ್ ಗೈ ಮತ್ತು ಟೈ ಜೆರೋಮ್ ಹೊರಗಿನಿಂದ ಚೆನ್ನಾಗಿ ಹೊಡೆದರು. ಋತು ಮುಗಿದಾಗ ಕೆನ್‌ಪಾಮ್ ಪಟ್ಟಿಯಲ್ಲಿ ವರ್ಜೀನಿಯಾ ಮೊದಲನೆಯದು. ರಕ್ಷಣೆ ಮೊದಲಿನಷ್ಟೇ ಬಿಗಿ, ನಡೆ ಮೊದಲಿನಷ್ಟೇ ನಿಧಾನ, ಬದಲಾದದ್ದು ಆಕ್ರಮಣ. 35 ಗೆಲುವು, 3 ಸೋಲು. ಇಷ್ಟು ಬಲದ ತಂಡ ಟೂರ್ನಿಯನ್ನು ಸಲೀಸಾಗಿ ಗೆಲ್ಲಬೇಕಿತ್ತು ತಾನೇ?

ಗಾರ್ಡ್‌ನರ್-ವೆಬ್ ವಿರುದ್ಧ ಮೊದಲ ಪಂದ್ಯ, ಮತ್ತೆ 16ನೇ ಶ್ರೇಯಾಂಕದವರು, ಅರ್ಧ ವಿರಾಮಕ್ಕೆ ವರ್ಜೀನಿಯಾ ಆರು ಅಂಕ ಹಿಂದೆ. ಕೊನೆಗೆ ಗೆದ್ದದ್ದು 15ರಿಂದ. ಒಕ್ಲಹೋಮಾ ಮೇಲೆ 12ರಿಂದ. ಆಮೇಲೆ ಶುರುವಾಯಿತು. ಓರೆಗಾನ್ ಮೇಲೆ 53–49. ಪರ್ಡ್ಯೂ ವಿರುದ್ಧ ಕಾರ್ಸನ್ ಎಡ್ವರ್ಡ್ಸ್ ಹತ್ತು ಮೂರಂಕ ಸೇರಿ 42 ಹೊಡೆದು ರಕ್ಷಣೆಯ ದೌರ್ಬಲ್ಯವನ್ನೆಲ್ಲ ಬಯಲಿಗಿಟ್ಟ. ಮಮಾದಿ ಡಿಯಾಕಿಟೆ ಗಡಿಯಾರ ಮುಗಿಯುವ ಕ್ಷಣಕ್ಕೆ ಹಾಕಿದ ಬುಟ್ಟಿಯಿಂದ ಓವರ್‌ಟೈಮ್ ಸಿಕ್ಕಿ 80–75. ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ಮೇಲೆ 85–77, ಅದೂ ಓವರ್‌ಟೈಮ್. ಹಂಟರ್ 27 ಅಂಕ.

ಕೊನೆಯ ನಾಲ್ಕು ಪಂದ್ಯಗಳಲ್ಲಿ ಎರಡು ಓವರ್‌ಟೈಮ್, ಒಂದು ಗೆಲುವು ಒಂದೇ ಅಂಕದ್ದು. ಹಿಂದಿನ ವರ್ಷ ಒಂದೇ ರಾತ್ರಿ ಎಲ್ಲವೂ ಒಂದು ಕಡೆಗೆ ಉರುಳಿದ ಹಾಗೆ, ಈ ವರ್ಷ ಸಣ್ಣ ಸಣ್ಣವು ಇನ್ನೊಂದು ಕಡೆಗೆ ಉರುಳಿದವು. ಕೊನೆಯ ಕ್ಷಣದ ಪಂದ್ಯಗಳನ್ನು ಗೆಲ್ಲುವುದನ್ನು ‘ಚಾಂಪಿಯನ್ ಮನೋಬಲ’ ಎನ್ನುವವರ ಬಳಿ ನನಗೆ ಜಗಳವಿಲ್ಲ. ಆದರೆ ಅಂಥ ಗೆಲುವುಗಳ ಪ್ರಮಾಣ ಒಂದು ಋತುವಿನಿಂದ ಇನ್ನೊಂದಕ್ಕೆ ನೆಚ್ಚುವಂತೆ ಮುಂದುವರಿಯುವುದಿಲ್ಲ. ಅದಕ್ಕೇ ಪೊಮೆರಾಯ್ ತಮ್ಮ ಪಟ್ಟಿಯಲ್ಲಿ, ಎಫಿಷಿಯೆನ್ಸಿ ನೋಡಿದರೆ ಗೆಲ್ಲಬೇಕಿದ್ದಷ್ಟಕ್ಕೂ ನಿಜಕ್ಕೂ ಗೆದ್ದದ್ದಕ್ಕೂ ಇರುವ ವ್ಯತ್ಯಾಸಕ್ಕೆ ಬೇರೆಯೇ ಒಂದು ಕಾಲಂ ಇಟ್ಟು, ಅದಕ್ಕೆ ಸಂಕೋಚವಿಲ್ಲದೆ ‘ಲಕ್’ ಎಂದೇ ಹೆಸರಿಟ್ಟಿದ್ದಾರೆ.

ಇದನ್ನೆಲ್ಲ ಒಂದು ತಂಡಕ್ಕೆ ನೀವೇ ಮಾಡಿ ನೋಡುವುದಾದರೆ ನವೆಂಬರ್ ತಿಂಗಳ ಅಂಕಿಗಳನ್ನು ನಂಬಬೇಡಿ. ನಾಲ್ಕೈದು ಪಂದ್ಯಗಳ ಸರಾಸರಿಗೆ ಬೆಲೆ ಇಲ್ಲದ ಕಾರಣ ರೇಟಿಂಗ್ ಮಾಡುವವರು ಆಗ ಹಿಂದಿನ ವರ್ಷದ ಬಲ, ಉಳಿದುಕೊಂಡ ಆಟಗಾರರು ಇವನ್ನೆಲ್ಲ ಬೆರೆಸಿ ಒಂದು ಪೂರ್ವಾಂದಾಜು ಇಟ್ಟುಕೊಂಡು, ಪಂದ್ಯಗಳು ಹೆಚ್ಚಿದಂತೆ ಅದನ್ನು ಕರಗಿಸುತ್ತಾ ಹೋಗುತ್ತಾರೆ. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆ ಕಾಲೇಜು ಬದಲಿಸಬಹುದಾದ ಮೇಲೆ ಈ ಪೂರ್ವಾಂದಾಜು ಹಾಕುವವರ ಪಾಡು ನೋಡಲಾಗದು. ಅರ್ಧಕ್ಕರ್ಧ ತಂಡವೇ ಹೊಸದು.

ಸೆಮಿಫೈನಲ್ ಒಂದನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ. ಆಬರ್ನ್ ವಿರುದ್ಧ, 0.6 ಸೆಕೆಂಡ್ ಬಾಕಿ, ವರ್ಜೀನಿಯಾ 60–62ರಲ್ಲಿ ಹಿಂದೆ. ಅದಕ್ಕೂ ಸ್ವಲ್ಪ ಮುಂಚೆ ಜೆರೋಮ್‌ನ ಡಬಲ್ ಡ್ರಿಬಲ್ ಒಂದು (ಚೆಂಡು ಪುಟಿಸುವುದನ್ನು ನಿಲ್ಲಿಸಿ ಮತ್ತೆ ಪುಟಿಸುವ ತಪ್ಪು) ರೆಫರಿಗಳ ಕಣ್ಣು ತಪ್ಪಿಸಿಕೊಂಡಿತ್ತು. ಕೈಲ್ ಗೈ ಮೂರಂಕಕ್ಕೆ ಎಸೆಯುವಾಗ ಫೌಲ್, ಮೂರು ಫ್ರೀ ಥ್ರೋ. ಎಂಬತ್ತು ಪರ್ಸೆಂಟ್ ಹೊಡೆಯುವವನು ಎಂದು ಹಿಡಿದರೆ ಮೂರೂ ಬಿದ್ದು ಗೆಲ್ಲುವ ಸಾಧ್ಯತೆ 51 ಪರ್ಸೆಂಟ್, ಎರಡೇ ಬಿದ್ದು ಓವರ್‌ಟೈಮ್‌ಗೆ ಹೋಗುವುದು 38, ನೇರ ಸೋಲು 10. ಮೂರೂ ಬಿದ್ದವು, 63–62. ಕೊನೆಯದೊಂದು ರಿಮ್‌ಗೆ ತಾಗಿ ಹೊರಗೆ ಚಿಮ್ಮಿ, ಓವರ್‌ಟೈಮ್‌ನಲ್ಲಿ ಒಂದೇ ಅಂಕದಿಂದ ಸೋತಿದ್ದರೂ, ಮರುದಿನ ಬೆಳಿಗ್ಗೆ ವರ್ಜೀನಿಯಾದ ಎಫಿಷಿಯೆನ್ಸಿ ರೇಟಿಂಗ್ ದಶಮಾಂಶದ ಆಚೆಗಷ್ಟೇ ಅಲ್ಲಾಡುತ್ತಿತ್ತು.